ಇಲ್ಲದ ಅಂಗದ ಕೆಂಪು ಸಾಲು

ಸೋಮವಾರ ಬೆಳಗ್ಗೆ ಒಂಬತ್ತು ನಲವತ್ತಕ್ಕೆ ನನ್ನ ಮೇಜಿನ ಫೋನ್ ರಿಂಗಾಯಿತು. ಆ ಹೊತ್ತಿನಲ್ಲಿ ಯಾವ ಡಾಕ್ಟರೂ ನಮಗೆ ಫೋನ್ ಮಾಡುವುದಿಲ್ಲ. ಶನಿವಾರ ಭಾನುವಾರ ಕಳೆದ ಬೆಳಗ್ಗೆ ಅವರ ಕ್ಲಿನಿಕ್ಕುಗಳಲ್ಲಿ ಕೂರಲು ಕುರ್ಚಿ ಇರುವುದಿಲ್ಲ. ನಮ್ಮ ನೆನಪು ಅವರಿಗಾಗುವುದು ಬುಧವಾರ ಮಧ್ಯಾಹ್ನ, ಬಾಗಿಲು ಹಾಕಿ ಕಾಗದಪತ್ರಕ್ಕೆ ಕೂತಾಗ. ಹಾಗಾಗಿ ಆ ಊರಿನ ನಂಬರು ಕಂಡಾಗಲೇ ಏನೋ ಸರಿಯಿಲ್ಲ ಅನಿಸಿತ್ತು.

ಮಾತಾಡಿದವರು ಸಾಲೆ ನದಿಯ ಕಣಿವೆಯ ಒಂದು ಸಣ್ಣ ಊರಿನ ಡಾಕ್ಟರು, ಅರವತ್ತು ದಾಟಿದ ಹೆಂಗಸು. ನಾನಿರುವ ಯೇನಾದಿಂದ ಅಲ್ಲಿಗೆ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಹೋದ ತಿಂಗಳು ಅವರ ಕ್ಲಿನಿಕ್ಕಿನಲ್ಲಿ ನಮ್ಮ ತರಬೇತಿ ನಡೆದಿತ್ತು. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಆ ಮಾತುಗಳು ಇಷ್ಟು ನೆನಪಿರುತ್ತಿರಲಿಲ್ಲವೋ ಏನೋ.

“ನಮ್ಮ ಒಬ್ಬ ಪೇಷೆಂಟ್ ಐಸಿಯುನಲ್ಲಿದ್ದಾರೆ” ಅಂದರು. “ಗುಲ್ಮ ಇಲ್ಲದವರು. ಶುಕ್ರವಾರ ಜ್ವರ, ಮೈನಡುಕ ಅಂತ ಫೋನ್ ಮಾಡಿದ್ದರು. ಫೋನ್ ಎತ್ತಿಕೊಂಡ ನಮ್ಮ ಸಹಾಯಕಿಗೆ ಕೆಂಪು ಸಾಲು ಕಾಣಲಿಲ್ಲ. ಜ್ವರದ ಮಾತ್ರೆ ತಗೊಳ್ಳಿ, ಬಿಸಿ ಟೀ ಕುಡೀರಿ, ಕಡಿಮೆ ಆಗದಿದ್ದರೆ ಸೋಮವಾರ ಬನ್ನಿ ಅಂದಳು. ಕೆಂಪು ಸಾಲು ಯಾಕಿರಲಿಲ್ಲ ಅಂತ ಈಗ ಹುಡುಕಿದೆ. ನಿಮ್ಮ ತರಬೇತಿಯ ದಿನ ನಾವೇ ತೆಗೆದಿದ್ದೇವೆ.”

ತರಬೇತಿ ನಡೆಸಿದ ಕ್ಲಿನಿಕ್ಕುಗಳ ಪಟ್ಟಿಯನ್ನು ಪರದೆಯ ಮೇಲೆ ತೆರೆದೆ.

“ಇನ್ನೆಷ್ಟು ಕ್ಲಿನಿಕ್ಕುಗಳಲ್ಲಿ ಇದನ್ನೇ ಹೇಳಿಕೊಟ್ಟಿದ್ದೀರಿ?” ಎಂದು ಕೇಳಿದರು.

“ನಲವತ್ತಕ್ಕಿಂತ ಹೆಚ್ಚು.”

“ಹಾಗಿದ್ದರೆ ನನ್ನ ಜೊತೆ ಮಾತಾಡುತ್ತಾ ಕೂರಬೇಡಿ” ಎಂದು ಫೋನ್ ಇಟ್ಟರು.

ಗುಲ್ಮ ಎಂದರೆ ಹೊಟ್ಟೆಯ ಎಡಗಡೆ, ಪಕ್ಕೆಲುಬಿನ ಅಡಿಯಲ್ಲಿರುವ ಮುಷ್ಟಿಗಾತ್ರದ ಅಂಗ, ಇಂಗ್ಲಿಷಿನಲ್ಲಿ ಸ್ಪ್ಲೀನ್. ಅದಿಲ್ಲದೆಯೂ ಮನುಷ್ಯ ದಶಕಗಟ್ಟಲೆ ಆರಾಮಾಗಿ ಬದುಕಬಹುದು. ಆದರೆ ರಕ್ತಕ್ಕೆ ಸೇರಿದ ಕೆಲವು ಬ್ಯಾಕ್ಟೀರಿಯಾಗಳನ್ನು ಸೋಸಿ ಹಿಡಿಯುವ ಕೆಲಸ ಅದರದ್ದು. ಅದಿಲ್ಲದವರಿಗೆ ಮೈನಡುಕದ ಜ್ವರ ಬಂದರೆ ತಕ್ಷಣ ಆ್ಯಂಟಿಬಯಾಟಿಕ್ ಕೊಡಬೇಕು. ಬೆಳಗ್ಗೆ ಜ್ವರ ಎಂದವರು ಸಂಜೆಗೆ ಪ್ರಜ್ಞೆ ತಪ್ಪಬಹುದು. ಈ ಪೇಷೆಂಟ್ ಮನೆಗಳಿಗೆ ಛಾವಣಿ ಹೊದಿಸುವ ಕಸುಬಿನವರು. ಎಷ್ಟೋ ವರ್ಷದ ಹಿಂದೆ ಮೇಲಿಂದ ಬಿದ್ದು ಗುಲ್ಮ ಒಡೆದಿತ್ತು, ತೆಗೆದಿದ್ದರು. ಆಮೇಲೆ ಮತ್ತೆ ಛಾವಣಿ ಹತ್ತಿ ದುಡಿಯುತ್ತಿದ್ದರು. ಶನಿವಾರ ಬೆಳಗ್ಗೆ ಹೆಂಡತಿ ಎಬ್ಬಿಸಲು ಹೋದಾಗ ಅವರು ತಮ್ಮ ಮನೆಯನ್ನೇ ಗುರುತಿಸಲಿಲ್ಲವಂತೆ. ಕಾಲಿನ ಮೇಲೆಲ್ಲ ನೇರಳೆ ಕಲೆಗಳೆದ್ದಿದ್ದವು.

ಇದರಲ್ಲಿ ನಮ್ಮ ಕೆಲಸ ಎಲ್ಲಿ ಬಂತು ಎಂದು ಹೇಳಬೇಕು. ಜರ್ಮನಿಯಲ್ಲಿ ಆರೋಗ್ಯ ವಿಮೆಯ ಹಣವೆಲ್ಲ ಒಂದು ಕೇಂದ್ರ ನಿಧಿಗೆ ಸೇರಿ, ಅಲ್ಲಿಂದ ವಿಮಾ ಸಂಸ್ಥೆಗಳಿಗೆ ಹಂಚಿಕೆಯಾಗುತ್ತದೆ. ಯಾವ ಸಂಸ್ಥೆಯ ಸದಸ್ಯರು ಹೆಚ್ಚು ಕಾಯಿಲೆಯವರೋ ಅದಕ್ಕೆ ಹೆಚ್ಚು ಪಾಲು. ಯಾರಿಗೆ ಏನು ಕಾಯಿಲೆ ಎಂದು ತಿಳಿಯುವುದು ಡಾಕ್ಟರು ಪ್ರತಿ ತ್ರೈಮಾಸಿಕ ಬರೆದು ಕಳಿಸುವ ರೋಗಸಂಕೇತಗಳಿಂದ, ಅಂದರೆ ಒಂದೊಂದು ಕಾಯಿಲೆಗೂ ಇರುವ ಕೋಡುಗಳಿಂದ. ಈ ಹಂಚಿಕೆಯ ಲೆಕ್ಕಾಚಾರ ಆಗಾಗ ಬದಲಾಗುತ್ತದೆ. ಯಾವುದೋ ಕಾಯಿಲೆಯ ಸಂಕೇತ ಇದ್ದಕ್ಕಿದ್ದಂತೆ ಹೆಚ್ಚಾಗಿ ಕಂಡರೆ, ಹಣಕ್ಕಾಗಿ ಉಬ್ಬಿಸಿ ಬರೆದಿದ್ದಾರೆ ಎಂಬ ಅನುಮಾನ ಬರುತ್ತದೆ. ಬದಲಾವಣೆ ಬಂದಾಗ ಡಾಕ್ಟರುಗಳಿಗೂ ಅವರ ಸಹಾಯಕಿಯರಿಗೂ ಅದನ್ನು ಬಿಡಿಸಿ ಹೇಳುವುದು ನಮ್ಮ ಸಣ್ಣ ಕಚೇರಿಯ ಕೆಲಸ.

ಈ ಸಲದ ತರಬೇತಿಯ ತಿರುಳು ಒಂದೇ ವಾಕ್ಯ: ಈ ತ್ರೈಮಾಸಿಕದಲ್ಲಿ ನೀವು ಯಾವುದಕ್ಕೆ ಚಿಕಿತ್ಸೆ ಕೊಡುತ್ತಿಲ್ಲವೋ ಅದನ್ನು ಕಾಯಂ ಪಟ್ಟಿಯಲ್ಲಿಡಬೇಡಿ, ಹಳೆಯ ಚರಿತ್ರೆಯ ಪುಟಕ್ಕೆ ಸರಿಸಿ. ಕಾಯಂ ಪಟ್ಟಿಯಲ್ಲಿದ್ದದ್ದೆಲ್ಲ ತಾನಾಗಿ ಪ್ರತಿ ಸಲ ಹೊರಗೆ ಹೋಗುತ್ತದೆ. ಹತ್ತು ವರ್ಷದ ಹಿಂದೆ ವಾಸಿಯಾದ ನ್ಯುಮೋನಿಯಾ ಕೂಡ ವರ್ಷಕ್ಕೆ ನಾಲ್ಕು ಸಲ ಹೊಸದಾಗಿ ಬಂದಂತೆ ಕಾಣುತ್ತದೆ. ಆ ವಾಕ್ಯದಲ್ಲಿ ಇವತ್ತಿಗೂ ತಪ್ಪಿಲ್ಲ. ನಿಯಮ ಹಾಗೇ ಇದೆ. ಡಾಕ್ಟರುಗಳು ಒಪ್ಪಿದರು, ಅನುಮಾನಕ್ಕೆ ಸಿಕ್ಕಬಾರದೆಂಬ ಹೆದರಿಕೆಯಲ್ಲಿ ಶ್ರದ್ಧೆಯಿಂದ ಪಟ್ಟಿ ತೊಳೆದರು. ಗುಲ್ಮ ಇಲ್ಲ ಎಂಬುದಕ್ಕೆ ಯಾರೂ ಚಿಕಿತ್ಸೆ ಕೊಡುತ್ತಿರಲಿಲ್ಲ. ಅದೂ ಹೋಯಿತು.

ಎದುರು ಮೇಜಿನ ಸಹೋದ್ಯೋಗಿ ನನ್ನನ್ನೇ ನೋಡುತ್ತಿದ್ದ. ಮಂಗಳೂರಿನವನು, ಡ್ರೆಸ್ಡೆನ್ನಿನಲ್ಲಿ ಓದಿ ಇಲ್ಲಿಗೆ ಬಂದವನು. ಕ್ಲಿನಿಕ್ಕುಗಳ ಸಾಫ್ಟ್‌ವೇರು ಅವನ ಪಾಲಿನ ಕೆಲಸ. ಕಚೇರಿಯಲ್ಲಿ ನಾವಿಬ್ಬರೇ ಕನ್ನಡದವರು.

“ಎಂತ ಆಯ್ತು ಅಕ್ಕಾ? ಮುಖ ಯಾಕೆ ಹೀಗೆ?”

ಹೇಳಿದೆ. ಅವನು ತಲೆಯ ಮೇಲೆ ಕೈ ಇಟ್ಟುಕೊಂಡ.

“ಅಯ್ಯೋ ದೇವ್ರೇ. ಟ್ರೀಟ್‌ಮೆಂಟ್ ಇಲ್ಲ ಅಂತ ತೆಗ್ದದ್ದಾ? ಇಲ್ಲದ ಸಾಮಾನಿಗೆ ಎಂತ ಟ್ರೀಟ್‌ಮೆಂಟ್ ಕೊಡುದು!”

“ಆ ಕೆಂಪು ಸಾಲು ಏನದು? ನಾನು ಯಾವತ್ತೂ ನೋಡಿಲ್ಲ.”

“ನಂಗೆ ಸಹ ಗೊತ್ತಿಲ್ಲ. ನಮ್ಮ ಟೆಸ್ಟ್ ಮಶೀನ್‌ನಲ್ಲಿ ಅಂಥದ್ದು ಎಂತದ್ದೂ ಇಲ್ಲ.”

ನಮಗೆ ಪೇಷೆಂಟುಗಳ ದಾಖಲೆ ನೋಡುವ ಹಕ್ಕಿಲ್ಲ. ಹುಡುಕಬೇಕಾದವರು ಕ್ಲಿನಿಕ್ಕಿನವರೇ. ಅವನು ಗುಲ್ಮವಿಲ್ಲದವರನ್ನು ಹುಡುಕುವ ಒಂದು ಸಣ್ಣ ಕಂಪ್ಯೂಟರ್ ಆಜ್ಞೆ ಬರೆದು, ಪರಿಚಯವಿದ್ದ ಆರೇಳು ಕ್ಲಿನಿಕ್ಕುಗಳಿಗೆ ಕಳಿಸಿದ. ದಯವಿಟ್ಟು ಈಗಲೇ ಓಡಿಸಿ, ಎಷ್ಟು ಜನ ಅಂತ ಮಾತ್ರ ಹೇಳಿ, ಹೆಸರು ಬೇಡ ಎಂದು ಕೇಳಿಕೊಂಡ. ಮಧ್ಯಾಹ್ನದ ಹೊತ್ತಿಗೆ ಉತ್ತರಗಳು ಬರತೊಡಗಿದವು.

“ಸೊನ್ನೆ ಅಕ್ಕಾ. ಇಲ್ಲಿ ಸಹ ಸೊನ್ನೆ. ಇನ್ನೊಂದು ಬಂತು, ಸೊನ್ನೆ!”

ಅವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ಅಪರೂಪದ ವಿಷಯ, ಎಲ್ಲ ಕಡೆ ಇರುವಂಥದ್ದಲ್ಲ, ದುರದೃಷ್ಟಕ್ಕೆ ಒಬ್ಬರೇ ಸಿಕ್ಕಿದರು ಎಂದು ನನಗೆ ನಾನೇ ಹೇಳಿಕೊಂಡೆ. ಆ ಸಮಾಧಾನ ಅರ್ಧ ಗಂಟೆಯೂ ಉಳಿಯಲಿಲ್ಲ. ಯಾಕೋ ಮನಸ್ಸು ಒಪ್ಪದೆ, ಅದೇ ಆಜ್ಞೆಯನ್ನು ಬೆಳಗ್ಗೆ ಫೋನ್ ಮಾಡಿದ ಡಾಕ್ಟರ ಕ್ಲಿನಿಕ್ಕಿಗೂ ಕಳಿಸಲು ಹೇಳಿದೆ.

ಅಲ್ಲಿಂದಲೂ ಸೊನ್ನೆ ಬಂತು.

ಗುಲ್ಮ ಇಲ್ಲದ ಒಬ್ಬರು ಅಲ್ಲಿಯ ದಾಖಲೆಯಲ್ಲಿ ಇದ್ದೇ ಇದ್ದಾರೆ, ಆ ಹೊತ್ತಿಗೆ ಉಸಿರಾಟದ ಯಂತ್ರದ ಆಸರೆಯಲ್ಲಿ ಮಲಗಿದ್ದಾರೆ. ನಮ್ಮ ಹುಡುಕಾಟಕ್ಕೆ ಅವರೂ ಸಿಗಲಿಲ್ಲ ಎಂದರೆ ಹಿಂದಿನ ಯಾವ ಸೊನ್ನೆಗೂ ಬೆಲೆಯಿಲ್ಲ. ಸಹೋದ್ಯೋಗಿ ಪರದೆಯನ್ನೇ ನೋಡುತ್ತ ಕೂತ. ನಾನು ಎದ್ದು ಬಾತ್‌ರೂಮಿಗೆ ಹೋಗಿ ಬಂದೆ. ಹೊರಗೆ ಟ್ರಾಮಿನಲ್ಲಿ ಜನ ಕೆಮ್ಮುವ, ಮೂಗು ಒರೆಸಿಕೊಳ್ಳುವ ತಿಂಗಳು ಅದು. ಯಾವ ಊರಿನಲ್ಲಿ ಯಾರಿಗೆ ಈಗ ಮೈ ಬಿಸಿಯಾಗುತ್ತಿದೆಯೋ ಎನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಮಧ್ಯಾಹ್ನ ನಮ್ಮ ಮುಖ್ಯಸ್ಥೆ ಸಭೆ ಕರೆದರು. ಫ್ರಾಂಕ್‌ಫರ್ಟಿನಿಂದ ನಮ್ಮ ವಕೀಲರು ವಿಡಿಯೊದಲ್ಲಿ ಬಂದರು. ಎಲ್ಲ ಕ್ಲಿನಿಕ್ಕಿಗೂ ಇವತ್ತೇ ಬರೆಯೋಣ, ಗುಲ್ಮದ ಸಂಕೇತವನ್ನು ಮತ್ತೆ ಕಾಯಂ ಪಟ್ಟಿಗೆ ತನ್ನಿ ಎಂದು ಹೇಳೋಣ ಎಂದೆ.

ವಕೀಲರು ಬೇಡವೆಂದು ತಲೆಯಾಡಿಸಿದರು. “ಅದೊಂದು ಬಿಟ್ಟು ಬೇರೆ ಏನಾದರೂ ಬರೆಯಿರಿ. ಇಂಥ ಕಾಯಿಲೆಯ ಸಂಕೇತವನ್ನು ಪ್ರತಿ ತ್ರೈಮಾಸಿಕ ಕಳಿಸಿ ಎಂದು ಹೊರಗಿನವರು ಡಾಕ್ಟರಿಗೆ ಹೇಳುವುದನ್ನೇ ಕಾನೂನು ತಡೆಯುವುದು. ಲೆಕ್ಕಾಚಾರ ಬದಲಾದ ವರ್ಷವೇ ನಲವತ್ತು ಕ್ಲಿನಿಕ್ಕಿನಲ್ಲಿ ಒಂದೇ ಸಂಕೇತ ಒಟ್ಟಿಗೆ ಎದ್ದು ನಿಂತರೆ ಯಾರು ನಂಬುತ್ತಾರೆ?”

“ಮನುಷ್ಯರು ಸಾಯಬಹುದು” ಎಂದೆ.

“ಅದು ನನಗೆ ಅರ್ಥವಾಗುತ್ತದೆ. ನಿಮ್ಮ ಪಟ್ಟಿಗಳ ವರ್ಗೀಕರಣವನ್ನು ಇನ್ನೊಮ್ಮೆ ಪರಿಶೀಲಿಸಿ ಎಂದು ಮುಂದಿನ ಸುತ್ತೋಲೆಯಲ್ಲಿ ಸಾಮಾನ್ಯವಾಗಿ ಬರೆಯಬಹುದು. ನಾನು ಕರಡು ನೋಡಿಕೊಡುತ್ತೇನೆ, ಗುರುವಾರದೊಳಗೆ.”

ನಮ್ಮ ಸುತ್ತೋಲೆಗಳ ಗತಿ ನನಗೆ ಗೊತ್ತಿತ್ತು. ಕ್ಲಿನಿಕ್ಕುಗಳಲ್ಲಿ ಅವು ಕಾಫಿ ಯಂತ್ರದ ಪಕ್ಕ, ಔಷಧ ಕಂಪನಿಗಳ ಕ್ಯಾಲೆಂಡರಿನ ಕೆಳಗೆ ಸೇರುತ್ತವೆ. ಮುಖ್ಯಸ್ಥೆ ಲ್ಯಾಪ್‌ಟಾಪ್ ಮುಚ್ಚಿದರು. ಬಾಗಿಲಿನ ಹತ್ತಿರ ನನ್ನನ್ನು ತಡೆದು, “ನಾಳೆ ಆ ಕ್ಲಿನಿಕ್ಕಿಗೆ ಹೋಗಿ ನೋಡು. ನೋಡಿ ಬಾ, ಅಷ್ಟೇ. ಯಾರಿಗೂ ಏನೂ ಮಾತು ಕೊಡಬೇಡ” ಎಂದರು.

ಮಂಗಳವಾರ ಮೊದಲ ರೈಲು ಹಿಡಿದು ಹೋದೆ. ಫೋನಿನಲ್ಲಿ ಟೀ ಕುಡೀರಿ ಎಂದಿದ್ದ ಸಹಾಯಕಿಯೇ ಮುಂದಿನ ಮೇಜಿನಲ್ಲಿದ್ದಳು. ಮೂವತ್ತರ ಆಸುಪಾಸಿನವಳು. ಕಣ್ಣು ಊದಿತ್ತು. ರಜೆ ತೆಗೆದುಕೊಳ್ಳಲು ಡಾಕ್ಟರು ಹೇಳಿದರೂ ಬಂದಿದ್ದಳಂತೆ.

“ನಿಮ್ಮ ತರಬೇತಿ ಚೆನ್ನಾಗಿತ್ತು” ಎಂದಳು ನನ್ನನ್ನು ನೋಡಿ. “ನೀವು ತಂದ ಕೇಕ್ ಕೂಡ ಚೆನ್ನಾಗಿತ್ತು.”

ಫೋನ್ ಬಂದಾಗ ನಿಮಗೇನು ಕಾಣುತ್ತದೆ ಎಂದು ಮಾತ್ರ ಕೇಳಿದೆ.

“ಮೊದಲು ಗೋಡೆ ಕಡೆ ತಿರುಗಿ. ನೀವು ಹೊರಗಿನವರು, ನಮ್ಮ ಪರದೆ ನೋಡುವ ಹಾಗಿಲ್ಲ. ಈ ಕ್ಲಿನಿಕ್ಕಿನಲ್ಲಿ ಇನ್ನೊಂದು ನಿಯಮ ಮುರಿಯೋದು ಬೇಡ.”

ತಿರುಗಿ ನಿಂತೆ. ಮುಖದಿಂದ ಒಂದು ಗೇಣು ದೂರದಲ್ಲಿ ಉಣ್ಣಿ ಹುಳುವಿನ ಕಡಿತಕ್ಕೆ ಲಸಿಕೆ ಹಾಕಿಸಿ ಎನ್ನುವ ಪೋಸ್ಟರಿತ್ತು. ಬೆನ್ನ ಹಿಂದಿನಿಂದ ಅವಳು ಹೇಳುತ್ತಾ ಹೋದಳು. ಕರೆ ಬಂದು ಹೆಸರು ಹೊಡೆದರೆ ಸಣ್ಣದೊಂದು ಕಿಟಕಿ ತೆರೆಯುತ್ತದೆ. ಅದರಲ್ಲಿ ಹುಟ್ಟಿದ ದಿನ, ವಿಮೆ, ಮತ್ತು ಕಾಯಂ ಪಟ್ಟಿಯ ಮೊದಲ ಮೂರು ಸಾಲು ಇರುತ್ತವೆ. ತುರ್ತಿನ ವಿಷಯವಿದ್ದರೆ ಅದನ್ನು ಪಟ್ಟಿಯ ಮೊದಲಿಗೆ ತಂದು ಕೆಂಪು ಬಣ್ಣ ಹಾಕುವುದನ್ನು ಅವಳಿಗಿಂತ ಹಿಂದೆ ಇದ್ದ ಸಹಾಯಕಿಯರು ಕಂಡುಕೊಂಡಿದ್ದರು. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ಫೋನಿನ ಗಲಾಟೆಯಲ್ಲಿ ಕಣ್ಣಿಗೆ ಬೀಳಲಿ ಅಂತ ಮಾಡಿಕೊಂಡದ್ದು. ಹಳೆಯ ಚರಿತ್ರೆಯ ಪುಟ ಆ ಕಿಟಕಿಯಲ್ಲಿ ಬರುವುದೇ ಇಲ್ಲ.

ನಾವು ಹಣ ಹಂಚಿಕೆಯ ಪಟ್ಟಿ ಅಂದುಕೊಂಡು ತೊಳೆಸಿದ್ದು ಅವರ ಎಚ್ಚರಿಕೆಯ ಫಲಕವನ್ನು.

ಗೋಡೆ ನೋಡುತ್ತಲೇ ಸಹೋದ್ಯೋಗಿಗೆ ಫೋನ್ ಮಾಡಿದೆ. “ಕೇಳಪ್ಪಾ, ಸರಿಸಿದ್ದು ಚರಿತ್ರೆ ಪುಟದಲ್ಲಿ ಬಿದ್ದಿದೆ. ನಿನ್ನ ಹುಡುಕಾಟ ಅಲ್ಲಿಗೆ ಹೋಗತ್ತಾ?”

“ಇಲ್ಲ ಅಕ್ಕ. ಅದು ಈ ಕ್ವಾರ್ಟರಿನಲ್ಲಿ ಬಿಲ್ಲಿಗೆ ಹೋದದ್ದು ಮಾತ್ರ ಹುಡುಕುದು. ಚರಿತ್ರೆ ಪುಟ ಬರೀ ಟೆಕ್ಸ್ಟು, ಅದರಲ್ಲಿ ಹುಡುಕ್ಲಿಕ್ಕೆ ಆಗುದಿಲ್ಲ.” ಆಮೇಲೆ ಕೂಗಿದ. “ಹೌದು ಮಾರಾಯ್ರೆ! ಹಿಂದಿನ ಕ್ವಾರ್ಟರಿನಲ್ಲಿ ಅದು ಬಿಲ್ಲಿಗೆ ಹೋಗಿದೆಯಲ್ಲ! ಆಗ ಪಟ್ಟಿಯಲ್ಲೇ ಇತ್ತಲ್ಲ! ಮೇಲೆ ಎಡಗಡೆ ಕ್ವಾರ್ಟರ್ ಉಂಟು, ಅದನ್ನು ಒಂದು ಹಿಂದೆ ಮಾಡ್ಲಿಕ್ಕೆ ಹೇಳಿ. ಆಮೇಲೆ ಓಡಿಸ್ಲಿ.”

ಇಷ್ಟು ಸರಳ. ನಮಗೆ ಹೊಳೆಯದೆ ಹೋದದ್ದಕ್ಕೆ ಕಾರಣವೂ ಅಷ್ಟೇ ಸರಳ. ಈ ಕೆಲಸದಲ್ಲಿರುವವರಿಗೆ ಮೂರು ತಿಂಗಳಿಗೊಮ್ಮೆ ಜಗತ್ತು ಹೊಸದಾಗಿ ಶುರುವಾಗುತ್ತದೆ. ಮುಗಿದ ತ್ರೈಮಾಸಿಕಕ್ಕೆ ಯಾರೂ ತಿರುಗಿ ಹೋಗುವುದಿಲ್ಲ.

ಹಿಂದೆ ಕೀಲಿಮಣೆಯ ಸದ್ದು.

“ನಾಲ್ಕು” ಎಂದಳು ಸಹಾಯಕಿ. “ಇನ್ನೂ ಮೂರು ಜನ ಇದ್ದಾರೆ. ಒಬ್ಬಳು ನನ್ನ ಜೊತೆ ಶಾಲೆಗೆ ಬರುತ್ತಿದ್ದವಳು.”

ಅವಳು ನನ್ನ ಅಪ್ಪಣೆಗೆ ಕಾಯಲಿಲ್ಲ. ಒಬ್ಬೊಬ್ಬರಿಗೂ ಫೋನ್ ಮಾಡಿ ಜ್ವರ ಇದೆಯಾ, ಮನೆಯಲ್ಲಿ ಆ್ಯಂಟಿಬಯಾಟಿಕ್ ಇಟ್ಟುಕೊಂಡಿದ್ದೀರಾ ಎಂದು ಕೇಳಿದಳು. ಮೂವರೂ ಚೆನ್ನಾಗಿದ್ದರು. ಅಷ್ಟರಲ್ಲಿ ಡಾಕ್ಟರು ಬಂದರು. ಆ ಸಾಲನ್ನು ಮತ್ತೆ ಪಟ್ಟಿಗೆ ಹಾಕಿ ಎಂದು ಹೇಳಲು ನನ್ನ ಬಾಯಿ ಕಟ್ಟಿದೆ ಎಂದು ಅವರಿಗೆ ನಿಜ ಹೇಳಿದೆ.

ಡಾಕ್ಟರು ಕೊರಳಿನ ಸ್ಟೆತಸ್ಕೋಪ್ ತೆಗೆದು ಮೇಜಿನ ಮೇಲಿಟ್ಟರು. “ಒಂದು ಅಂಗ ಇಲ್ಲ ಎನ್ನುವುದನ್ನು ಪ್ರತಿ ಸಲ ಬಿಲ್ಲಿಗೆ ಕಳಿಸಲೇಬೇಕು ಅಂತ ನನಗೇನೂ ಇಲ್ಲ. ಇವಳ ಕಣ್ಣಿಗೆ ಬಿದ್ದರೆ ಸಾಕು. ಪೆನಿಸಿಲಿನ್ ಅಲರ್ಜಿ ಇದ್ದವರದ್ದು ಎಲ್ಲಿ ಬರೆಯುತ್ತೀಯ?” ಎಂದು ಸಹಾಯಕಿಯನ್ನು ಕೇಳಿದರು.

“ಕಾವೆ ಅಂತ ಒಂದು ಚೌಕ ಇದೆ. ಎಚ್ಚರಿಕೆಯ ಚೌಕ. ಅದು ಎಲ್ಲದಕ್ಕಿಂತ ಮೇಲೆ ಬರುತ್ತದೆ. ಅಲರ್ಜಿ ಬಿಟ್ಟು ಬೇರೆ ಯಾವುದಕ್ಕೂ ನಾವು ಉಪಯೋಗಿಸಲ್ಲ.”

“ಅದು ಹೊರಗೆ ಹೋಗುತ್ತದೆಯಾ?” ನಾನು ಗೋಡೆಗೆ ಕೇಳಿದೆ.

“ಎಲ್ಲಿಗೂ ಹೋಗಲ್ಲ. ಇಲ್ಲೇ ಇರುತ್ತದೆ.”

ವಾಪಸು ಬರುವಾಗ ರೈಲು ತಡವಾಗಿತ್ತು. ಆ ಸಣ್ಣ ನಿಲ್ದಾಣದ ಬೆಂಚಿನ ಮೇಲೆ ಕೂತು ಮುಖ್ಯಸ್ಥೆಗೆ ಫೋನ್ ಮಾಡಿದೆ. ಎತ್ತಲಿಲ್ಲ. ಅವರು ಎತ್ತುವವರೆಗೆ, ವಕೀಲರ ಕರಡು ಬರುವವರೆಗೆ ಕಾಯಬೇಕು. ಅದು ನನಗಿದ್ದ ಆದೇಶ. ಶುಕ್ರವಾರದ ಆ ಕರೆ ತಲೆಯೊಳಗೆ ಮತ್ತೆ ಬಂತು. ನಾನು ಕೇಳದೇ ಇದ್ದ ಕರೆ, ಆದರೂ ಎರಡೂ ಕಡೆಯ ದನಿ ನನಗೆ ಕೇಳಿಸುತ್ತಿತ್ತು. ಕೈಯಲ್ಲಿ ಕ್ಲಿನಿಕ್ಕುಗಳ ನಂಬರುಗಳಿದ್ದವು. ಮೊದಲ ನಂಬರಿಗೆ ಒತ್ತಿದೆ. ಇದರಿಂದ ಕೆಲಸ ಹೋಗಬಹುದು, ವೀಸಾ ಕೆಲಸಕ್ಕೆ ಕಟ್ಟಿದೆ, ಮಗಳು ಇಲ್ಲಿ ಶಾಲೆಯಲ್ಲಿದ್ದಾಳೆ ಎನ್ನುವುದೆಲ್ಲ ಒತ್ತಿದ ಮೇಲೆ ನೆನಪಾಯಿತು. ಅಷ್ಟರಲ್ಲಿ ಆ ಕಡೆ ಯಾರೋ ಹಲೋ ಎಂದಿದ್ದರು.

ಬುಧವಾರ ಬೆಳಗ್ಗೆ ನಾನು ಮೂರನೆಯದೋ ನಾಲ್ಕನೆಯದೋ ಕರೆಯಲ್ಲಿದ್ದಾಗ ಮುಖ್ಯಸ್ಥೆ ಬಂದು ಹಿಂದೆ ನಿಂತರು. ಕರೆ ಮುಗಿಯುವವರೆಗೆ ಕೇಳಿಸಿಕೊಂಡರು.

“ನಾನು ಏನು ಹೇಳಿದ್ದೆ?”

“ಯಾರಿಗೂ ಮಾತು ಕೊಡಬೇಡ ಅಂತ.”

“ಈಗ ಅವರಿಗೆ ಏನು ಹೇಳಿದೆ? ನೀನು ಆಡಿದ ಮಾತೇ ಬೇಕು.”

ಹೇಳಿದೆ. ರೋಗಸಂಕೇತಕ್ಕೆ ಕೈ ಹಚ್ಚಬೇಡಿ. ತ್ರೈಮಾಸಿಕ ಒಂದು ಹಿಂದೆ ಹಾಕಿ ಹುಡುಕಿ. ಗುಲ್ಮ ಇಲ್ಲದವರು ಸಿಕ್ಕರೆ ಎಚ್ಚರಿಕೆಯ ಚೌಕದಲ್ಲಿ ಬರೆಯಿರಿ. ಇವತ್ತೇ ಅವರಿಗೆ ಫೋನ್ ಮಾಡಿ.

ಮುಖ್ಯಸ್ಥೆ ಅದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿದರು. ಸಹೋದ್ಯೋಗಿ ನನ್ನ ಮುಖ ನೋಡಿದ. “ನಮ್ಮ ಇಬ್ಬರದ್ದೂ ಟಿಕೆಟ್ ಒಟ್ಟಿಗೆ ಬುಕ್ ಮಾಡ್ವಾ? ಫ್ರಾಂಕ್‌ಫರ್ಟಿನಿಂದ ಬೆಂಗಳೂರಿಗೆ ಡೈರೆಕ್ಟ್ ಉಂಟು” ಎಂದ. ನಗು ಬರಲಿಲ್ಲ, ಅವನಿಗೂ ಬರಲಿಲ್ಲ.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. “ವಕೀಲರಿಗೆ ಓದಿ ಹೇಳಿದೆ. ಸಂಕೇತ ಮುಟ್ಟುವುದಿಲ್ಲ ಎಂದಾದರೆ ಅವರು ಹೇಳುವುದಕ್ಕೇನೂ ಇಲ್ಲವಂತೆ. ಇದೇ ಮಾತು, ಒಂದು ಪದವೂ ಹೆಚ್ಚು ಕಡಿಮೆ ಬೇಡ” ಎಂದು ಚೀಟಿಯನ್ನು ನಮ್ಮಿಬ್ಬರ ಮಧ್ಯೆ ಇಟ್ಟರು. ಆಮೇಲೆ ಖಾಲಿಯಿದ್ದ ಮೂರನೇ ಮೇಜಿಗೆ ಹೋಗಿ, ಕೋಟು ಕೂಡ ತೆಗೆಯದೆ, ಫೋನ್ ಎತ್ತಿಕೊಂಡರು.

ಮುಂದಿನ ದಿನಗಳು ಒಂದರ ಮೇಲೊಂದು ಮಸುಕಾಗಿ ನೆನಪಿವೆ. ಕೆಲವರು ತಕ್ಷಣ ಮಾಡಿದರು. ಕೆಲವರು ಫ್ಯಾಕ್ಸಿನಲ್ಲಿ ಕಳಿಸಿ ಎಂದರು. ಒಂದು ಕ್ಲಿನಿಕ್ಕಿನ ಸಾಫ್ಟ್‌ವೇರು ಬೇರೆ, ಅಲ್ಲಿ ಹಿಂದಿನ ತ್ರೈಮಾಸಿಕ ತೆರೆಯಲು ಗುಪ್ತಪದ ಬೇಕಿತ್ತು, ಅದು ಗೊತ್ತಿದ್ದವರು ನಿವೃತ್ತರಾಗಿದ್ದರು. ಸಹೋದ್ಯೋಗಿ ಅಲ್ಲಿಗೆ ಹೋಗಿ ಅವನೂ ಗೋಡೆ ನೋಡುತ್ತಾ ಒಂದು ಮಧ್ಯಾಹ್ನ ನಿಂತು ಬಂದ. “ಅಕ್ಕಾ, ನಂಗೆ ಈಗ ಶುಗರ್ ಬಗ್ಗೆ ಎಲ್ಲ ಗೊತ್ತುಂಟು. ಅವ್ರ ಗೋಡೆಯಲ್ಲಿ ಅದೇ ಪೋಸ್ಟರು” ಎಂದ.

ಬೈದವರೂ ಇದ್ದರು. ಒಬ್ಬ ಹಿರಿಯ ಡಾಕ್ಟರು ಪೂರ್ತಿ ಕೇಳಿಸಿಕೊಂಡು, “ಹೋದ ತಿಂಗಳು ತೆಗೀರಿ ಅಂದಿರಿ. ಈ ತಿಂಗಳು ಇನ್ನೊಂದು ಕಡೆ ಹಾಕಿ ಅಂತೀರಿ. ಮುಂದಿನ ತಿಂಗಳು ನಾನೇ ಮನೆ ಖಾಲಿ ಮಾಡಬೇಕಾ?” ಎಂದರು. ನಾನು ಛಾವಣಿಯವರ ವಿಷಯ ಹೇಳಿದೆ, ಹೆಸರಿಲ್ಲದೆ, ಊರಿಲ್ಲದೆ. ಸಂಜೆ ಅವರೇ ಫೋನ್ ಮಾಡಿ “ಇಬ್ಬರು. ಇಬ್ಬರ ಹತ್ತಿರವೂ ಮಾತಾಡಿದೆ” ಎಂದಷ್ಟೇ ಹೇಳಿ ಇಟ್ಟರು.

ಮನೆಯಲ್ಲಿ ನಾನು ಯಾರಿಗೂ ಉಪಯೋಗವಾಗಲಿಲ್ಲ. ಗಂಡ ತಟ್ಟೆ ತಂದಿಟ್ಟರೆ ತಿನ್ನುತ್ತಿದ್ದೆ. ಮಗಳು ಒಮ್ಮೆ ಸೀನಿದ್ದಕ್ಕೆ ಥರ್ಮಾಮೀಟರ್ ಹಿಡಿದು ಓಡಿದೆ. ಅವಳ ಗುಲ್ಮ ಇದ್ದಲ್ಲೇ ಇದೆ ಎಂದು ಗಂಡ ಮೆಲ್ಲಗೆ ಹೇಳಬೇಕಾಯಿತು. ಮಲಗಿದರೆ ಕಣ್ಣು ಮುಚ್ಚುತ್ತಿತ್ತು, ಮತ್ತೆ ತೆರೆಯುತ್ತಿತ್ತು. ಆಸ್ಪತ್ರೆಯ ಸುದ್ದಿ ಕೇಳಲು ನನಗೆ ಹಕ್ಕಿರಲಿಲ್ಲ. ಡಾಕ್ಟರು ತಾವಾಗಿ ಹೇಳಿದರೆ ಉಂಟು. ಅವರು ಹೇಳುತ್ತಿರಲಿಲ್ಲ. ಸುದ್ದಿಯಿಲ್ಲದಿರುವುದನ್ನು ಒಮ್ಮೆ ಒಳ್ಳೆಯದೆಂದೂ ಒಮ್ಮೆ ಕೆಟ್ಟದ್ದೆಂದೂ ತಿಳಿದುಕೊಳ್ಳುತ್ತಿದ್ದೆ.

ಕೊನೆಗೆ ಒಂದೇ ಕ್ಲಿನಿಕ್ ಉಳಿಯಿತು. ಸ್ಯಾಕ್ಸನಿಯ ಗಡಿಯ ಕಡೆಗೆ, ಗುಡ್ಡದ ಮೇಲಿನ ಊರು. ಫೋನ್ ಮಾಡಿದರೆ ಧ್ವನಿಮುದ್ರಣ: ಡಾಕ್ಟರು ರಜೆಯಲ್ಲಿದ್ದಾರೆ, ತುರ್ತಿದ್ದರೆ ಪಕ್ಕದ ಊರಿನ ಕ್ಲಿನಿಕ್ಕಿಗೆ ಹೋಗಿ. ಪಕ್ಕದ ಊರಿನವರಿಗೆ ಇವರ ದಾಖಲೆ ಕಾಣುವುದಿಲ್ಲ. ಅಲ್ಲಿಗೂ ಫೋನ್ ಮಾಡಿ, ಆ ಕ್ಲಿನಿಕ್ಕಿನಿಂದ ಜ್ವರದವರು ಯಾರು ಬಂದರೂ ಗುಲ್ಮ ಇದೆಯಾ ಎಂದು ಮೊದಲು ಕೇಳಿ ಎಂದು ಬೇಡಿಕೊಂಡೆ. “ಇಂಥ ಪ್ರಶ್ನೆ ನಾನು ಈ ಜನ್ಮದಲ್ಲಿ ಯಾರಿಗೂ ಕೇಳಿಲ್ಲ” ಎಂದಳು ಅಲ್ಲಿಯ ಸಹಾಯಕಿ. ಆದರೂ ಬರೆದುಕೊಂಡಳು.

ಆ ವಾರಾಂತ್ಯವೇ ಎಲ್ಲಕ್ಕಿಂತ ಕಷ್ಟದ್ದು. ಮಾಡಲು ಏನೂ ಇರಲಿಲ್ಲ.

ರಜೆ ಮುಗಿದ ಸೋಮವಾರ ಬಾಗಿಲು ತೆರೆಯುವ ಮೊದಲೇ ನಾನು ಅಲ್ಲಿದ್ದೆ. ಐವತ್ತೈದರ ಸಹಾಯಕಿ ಸೈಕಲ್ಲಿನಲ್ಲಿ ಬಂದು, ಕಾಯುವವರ ಸಾಲಿನಲ್ಲಿ ನನ್ನನ್ನು ನೋಡಿ, “ಎಲ್ಲಿ ನೋವು?” ಎಂದು ಕೇಳಿದಳು. ವಿಷಯ ತಿಳಿದ ಮೇಲೆ, ಹೊರಗೆ ಕಾದಿದ್ದವರನ್ನು ಇನ್ನೂ ಸ್ವಲ್ಪ ಹೊತ್ತು ಕಾಯಿಸಿ, ಕಂಪ್ಯೂಟರ್ ಹಾಕಿದಳು. ನಾನು ಕೇಳದೆಯೇ ಗೋಡೆ ಕಡೆ ತಿರುಗಿದೆ.

“ಒಬ್ಬರು” ಎಂದಳು. “ಅಯ್ಯೋ, ಇವರಾ! ಒಂಟಿ ಹೆಂಗಸು. ಊರಾಚೆ ಮನೆ.”

ಫೋನ್ ಮಾಡಿದಳು. ರಿಂಗಾಗುವ ಸದ್ದು ನನಗೂ ಕೇಳುತ್ತಿತ್ತು. ಎತ್ತಲಿಲ್ಲ. ಮತ್ತೆ ಮಾಡಿದಳು. ಎತ್ತಲಿಲ್ಲ. ರಜೆಯ ಅಷ್ಟೂ ದಿನ ಯಾರೂ ಅವರನ್ನು ನೋಡಿಲ್ಲವೇನೋ, ಯಾರೂ ಅವರ ಕರೆಗೆ ಉತ್ತರ ಕೊಟ್ಟಿಲ್ಲವೇನೋ ಎಂದೆಲ್ಲ ನನ್ನ ತಲೆ ಓಡಿತು. ಆಂಬುಲೆನ್ಸಿಗೆ ಹೇಳೋಣವಾ ಎಂದು ಕೇಳಿದೆ. “ತಡೀರಿ” ಎಂದು ಅವಳು ಮೊಬೈಲ್ ನಂಬರು ಹುಡುಕಿ, ಸ್ಪೀಕರಿನಲ್ಲಿ ಹಾಕಿದಳು.

“ಏನು ನಿಮ್ಮ ಗೋಳು?” ಹೆಂಗಸಿನ ದನಿ ಕೋಣೆ ತುಂಬಿತು. “ಬೇಕರಿ ಸಾಲಿನಲ್ಲಿ ನಿಂತಿದ್ದೇನೆ. ನನ್ನ ಸರದಿ ಬಂದಿದೆ.”

“ಜ್ವರ ಇದೆಯಾ?”

“ಇದ್ದರೆ ಇಲ್ಲಿ ನಿಲ್ಲುತ್ತಿದ್ದೆನಾ?”

“ನಿಮಗೆ ಗುಲ್ಮ ಇಲ್ಲ ಅಲ್ಲವಾ...”

“ಗೊತ್ತು! ತೆಗೆದಾಗ ನಾನೂ ಅಲ್ಲೇ ಇದ್ದೆ!”

ಹಿಂದಿನಿಂದ ಬೇಕರಿಯಲ್ಲಿ ಯಾರೋ ನಕ್ಕಿದ್ದು ಕೇಳಿಸಿತು. ಸಹಾಯಕಿ ಪಟ್ಟು ಬಿಡದೆ, ಮನೆಯಲ್ಲಿ ಆ್ಯಂಟಿಬಯಾಟಿಕ್ ಇದೆಯಾ ಎಂದು ಕೇಳಿದಳು. ಹಳೆಯದೊಂದು ಡಬ್ಬಿ ಇತ್ತು, ಅವಧಿ ಮುಗಿದಿದೆ ಎಂದು ಎಸೆದೆ ಎಂದರು. ಹಾಗಾದರೆ ಬ್ರೆಡ್ ತಗೊಂಡು ಸೀದಾ ಇಲ್ಲಿಗೆ ಬನ್ನಿ, ಸಾಲಿನಲ್ಲಿ ನಿಲ್ಲಬೇಡಿ ಎಂದಳು. ಕೀಲಿಮಣೆಯ ಸದ್ದಾಯಿತು. “ಬರೆದೆ. ಎಲ್ಲಕ್ಕಿಂತ ಮೇಲೆ ಬಂತು. ಇನ್ನು ತಿರುಗಬಹುದು, ಪರದೆ ಮುಚ್ಚಿದ್ದೇನೆ.”

ತಿರುಗಲು ಸ್ವಲ್ಪ ಹೊತ್ತು ಹಿಡಿಯಿತು. ಅವಳಿಗೆ ನನ್ನ ಮುಖ ಕಾಣಬಾರದಿತ್ತು.

ಆ ಹೆಂಗಸು ಬರುವ ಮೊದಲೇ ಹೊರಟುಬಿಟ್ಟೆ. ಗುಡ್ಡ ಇಳಿಯುವ ಬಸ್ಸಿಗೆ ಕಾಯುವಾಗ ಸಾಲೆ ಕಣಿವೆಯ ಡಾಕ್ಟರಿಗೆ ಫೋನ್ ಮಾಡಿ, ಕೊನೆಯ ಕ್ಲಿನಿಕ್ಕೂ ಮುಗಿಯಿತು ಎಂದೆ.

“ನಮ್ಮ ಪೇಷೆಂಟಿನ ಹೆಂಡತಿ, ನಿಮಗೆ ಸುದ್ದಿ ತಿಳಿಸಬಹುದು ಅಂದಿದ್ದಾರೆ” ಎಂದರು. “ಯಂತ್ರ ತೆಗೆದಿದ್ದಾರೆ. ತಾನೇ ಉಸಿರಾಡುತ್ತಿದ್ದಾರೆ, ಹೆಂಡತಿಯ ಗುರುತು ಹಿಡಿದಿದ್ದಾರೆ. ಎರಡೂ ಪಾದದ ಬೆರಳುಗಳನ್ನು ತೆಗೆಯಬೇಕಾಯಿತು. ನಡೆಯಬಹುದು. ಛಾವಣಿ ಹತ್ತುವುದು ಇನ್ನಿಲ್ಲ.”

“ನಿಮ್ಮ ಸಹಾಯಕಿ?”

“ನಿನ್ನೆ ಆಸ್ಪತ್ರೆಗೆ ಹೋಗಿದ್ದಳು. ಒಳಗೆ ಹೋಗಲು ಧೈರ್ಯ ಬರದೆ ವಾಪಸು ಬಂದಳು. ನಾಳೆ ನಾನೂ ಜೊತೆಗೆ ಹೋಗುತ್ತೇನೆ.”

ಬಸ್ಸು ಬಂತು. ಯೇನಾ ತಲುಪಿದಾಗ ಸಂಜೆಯಾಗಿತ್ತು. ಗಂಡ ಅನ್ನ, ತಿಳಿಸಾರು ಬಡಿಸಿದರು. ಊಟ ಮಾಡಿದ್ದು ನೆನಪಿದೆ, ಕೈ ತೊಳೆದದ್ದು ನೆನಪಿಲ್ಲ. ಬೆಳಗ್ಗೆ ಮಗಳು ಶಾಲೆಯ ಚೀಲ ಬೆನ್ನಿಗೆ ಹಾಕಿಕೊಂಡು ಮಂಚದ ಪಕ್ಕ ನಿಂತು, ರಾತ್ರಿಯಿಡೀ ಅಮ್ಮ ಗೊರಕೆ ಹೊಡೆದಳು, ಗೋಡೆಯ ಆಚೆಗೂ ಕೇಳಿಸಿತು ಎಂದು ಜರ್ಮನ್ನಿನಲ್ಲಿ ಅಪ್ಪನಿಗೆ ದೂರು ಹೇಳುತ್ತಿದ್ದಳು. ಕಿಟಕಿಯಲ್ಲಿ ಆಗಲೇ ಬಿಸಿಲಿತ್ತು. ನಡುವೆ ಒಮ್ಮೆಯೂ ಎಚ್ಚರವಾಗಿರಲಿಲ್ಲ.

ಆಸ್ಪತ್ರೆಯಲ್ಲಿ ಛಾವಣಿಯವರು ಆ ರಾತ್ರಿ ನಿದ್ದೆ ಮಾಡಿದರೋ ಇಲ್ಲವೋ ನನಗೆ ಗೊತ್ತಿಲ್ಲ.